ಇಸ್ತ್ರಿ ಕೆಡದ ಅಂಗಿ

ಅಮ್ಮನನ್ನು ಮಣ್ಣು ಮಾಡುವ ದಿನ ನಾನು ಬಿಳಿ ಅಂಗಿ ಹಾಕಿಕೊಂಡು ಬಂದೆ. ಅದರ ಇಸ್ತ್ರಿ ಕೆಟ್ಟಿರಲಿಲ್ಲ. ಗಡ್ಡ ಬೋಳಿಸಿದ್ದೆ, ಕೂದಲು ಒದ್ದೆ ಮಾಡಿ ಬಾಚಿದ್ದೆ, ಬೂಟು ಒರೆಸಿದ್ದೆ. ಅಮೆರಿಕದ ಒಂದು ಬಂದರಿನಿಂದ ಹೊರಟು, ಗಲ್ಫಿನಲ್ಲಿ ವಿಮಾನ ಬದಲಿಸಿ ಬಂದವನ ಹಾಗೆ ನಾನು ಕಾಣುತ್ತಿರಲಿಲ್ಲ. ಮಂಗಳೂರಿನ ಬೋಳಾರದ ನಮ್ಮ ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರು ಪ್ರಾರ್ಥನೆಯ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ನಾನು ಟ್ಯಾಕ್ಸಿಯಿಂದ ಇಳಿದಾಗ ಹಾಳೆಗಳು ನಿಂತವು.

ಅಪ್ಪನ ತಮ್ಮ, ನಾವು ಬಾಪ್ಪು ಎಂದು ಕರೆಯುವವರು, ಪಕ್ಕದವರಿಗೆ ಹೇಳುವ ಹಾಗೆ ಮಾಡಿ ನನಗೆ ಕೇಳುವಂತೆ ಹೇಳಿದರು. "ಮದುಮಗ ಬಂದ, ನೋಡಿ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣಿನ ಸುತ್ತ ಕಪ್ಪಾಗಿತ್ತು, ಸೀರೆಯ ಅಂಚು ಒದ್ದೆಯಾಗಿತ್ತು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಹೋಗು, ಅಮ್ಮನ ಮುಖ ನೋಡು. ಆಮೇಲೆ ಫ್ಯಾನಿನ ಕೆಳಗೆ ಕೂತುಕೋ. ಅಂಗಿ ಹಾಳಾಗುವುದು ಬೇಡ."

ಅದರ ನಂತರ ಅವಳು ನನ್ನೊಂದಿಗೆ ಮಾತು ಬಿಟ್ಟಳು.

ಅಪ್ಪ ನಾವು ಸಣ್ಣವರಿದ್ದಾಗಲೇ ಹೋದವರು. ಅಕ್ಕ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಅಮ್ಮ ಹೋದ ಮೇಲೆ ನನಗೆ ಊರು ಎಂದರೆ ಅಕ್ಕ ಒಬ್ಬಳೇ. ಅವಳು ಮಾತಾಡದಿದ್ದರೆ ರಜೆ ಸಿಕ್ಕಿದಾಗ ಹೋಗಿ ಇಳಿಯಲು ನನಗೆ ಭೂಮಿಯ ಮೇಲೆ ಒಂದು ಮನೆ ಇರುವುದಿಲ್ಲ. ಆ ತಿಂಗಳು ನನ್ನ ತಲೆಯಲ್ಲಿ ಇದ್ದದ್ದು ಇದೇ. ಅಮ್ಮನನ್ನು ನೆನೆಯಬೇಕಾದ ಹೊತ್ತಿನಲ್ಲಿಯೂ ಇದನ್ನೇ ಯೋಚಿಸುತ್ತಿದ್ದೆ.

ನಾವು ಕ್ರೈಸ್ತರು, ಮನೆಯಲ್ಲಿ ಮಾತಾಡುವುದು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಶಾಲೆಯಲ್ಲಿ ನಾನು ಸರಿಯಾಗಿ ಬರೆಯಲು ಕಲಿತ ಭಾಷೆ ಇದೊಂದೇ. ಶಾಲೆ ಕೂಡ ಹತ್ತನೆಯ ತರಗತಿಗೆ ಮುಗಿಯಿತು.

ನಾನು ಪ್ರವಾಸಿ ಹಡಗಿನ ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಜಾಗ ಹಡಗಿನ ಹೊಟ್ಟೆಯಲ್ಲಿ, ನೀರಿನ ಮಟ್ಟದಿಂದ ಕೆಳಗೆ. ಅಲ್ಲಿ ಕಿಟಕಿ ಇಲ್ಲ. ಚಾದರ, ಟವೆಲ್, ಮೇಜಿನ ಬಟ್ಟೆ, ಮತ್ತೆ ಚಾದರ. ದೊಡ್ಡ ರೋಲರಿನಿಂದ ಹೊರಗೆ ಬರುವ ಚಾದರ ಕಾವಲಿಯಿಂದ ತೆಗೆದ ನೀರುದೋಸೆಯ ಹಾಗೆ ಆವಿಯಾಡುತ್ತದೆ. ಇಬ್ಬರು ಎದುರೆದುರು ನಿಂತು ಅದನ್ನು ಹಿಡಿದು, ಒಂದೇ ಸಲಕ್ಕೆ ಹತ್ತಿರ ಬಂದು ಮಡಚಬೇಕು. ಕೆಲವು ವರ್ಷಗಳ ನಂತರ ನನ್ನನ್ನು ಇಸ್ತ್ರಿಗೆ ಹಾಕಿದರು. ಅಧಿಕಾರಿಗಳ ಸಮವಸ್ತ್ರ, ಪ್ರಯಾಣಿಕರ ಕೋಟು, ಹೆಂಗಸರ ಉದ್ದನೆಯ ಗೌನು. ನಿಂತೇ ಮಾಡುವ ಕೆಲಸ. ಮೇಲೆ ಪ್ರಯಾಣಿಕರು ಸಮುದ್ರ ನೋಡುತ್ತಾರೆ. ನಮಗೆ ಸಮುದ್ರ ತಿಳಿಯುವುದು ಕಾಲಿನ ಅಡಿಯಲ್ಲಿ.

ಮೊದಲ ಕಾಂಟ್ರಾಕ್ಟ್ ಮುಗಿಸಿ ಊರಿಗೆ ಬಂದಾಗ ವಿಮಾನದಲ್ಲಿ ಹೇಗೆ ಕೂರಬೇಕೆಂದು ನನಗೆ ತಿಳಿದಿರಲಿಲ್ಲ. ಕೊಟ್ಟದ್ದನ್ನೆಲ್ಲ ತಿಂದೆ. ಬಿಟ್ಟಿ ಸಿಗುತ್ತದೆಂದು ಬಿಯರ್ ಕುಡಿದೆ. ಕಿಟಕಿಯ ಪಕ್ಕದ ಸೀಟು ಕೇಳಿ ಪಡೆದಿದ್ದೆ, ಆದ್ದರಿಂದ ನಡುವಿನಲ್ಲಿದ್ದ ಇಬ್ಬರನ್ನು ಎಬ್ಬಿಸಲು ನಾಚಿಕೆಯಾಗಿ ಮೂತ್ರವನ್ನೂ ಕಟ್ಟಿಕೊಂಡು ಕೂತೆ. ಬೂಟು ಬಿಚ್ಚಿದ್ದು ಒಂದೇ ಸಲ. ಆಮೇಲೆ ಅದು ಕಾಲಿಗೆ ಏರಲಿಲ್ಲ. ಪಾದ ಎರಡೂ ಹಲಸಿನ ತೊಳೆಯ ಹಾಗೆ ಉಬ್ಬಿದ್ದವು. ಮಂಗಳೂರಿನಲ್ಲಿ ಇಳಿದಾಗ ಹಿಮ್ಮಡಿ ತುಳಿದು ಬೂಟನ್ನು ಚಪ್ಪಲಿಯ ಹಾಗೆ ಎಳೆದುಕೊಂಡು ಹೊರಗೆ ಬಂದೆ. ತುಟಿ ಒಡೆದಿತ್ತು, ಅಂಗಿಯ ಮೇಲೆ ಸಾರು ಚೆಲ್ಲಿತ್ತು. ಮೈಯಿಂದ ಬರುತ್ತಿದ್ದ ವಾಸನೆ ನನಗೇ ಗೊತ್ತಾಗುತ್ತಿತ್ತು.

ಅಮ್ಮ ಮತ್ತು ಅಕ್ಕ ರಿಕ್ಷಾ ಮಾಡಿಕೊಂಡು ಬಂದಿದ್ದರು. ಅಮ್ಮ ಆಗ ಗಟ್ಟಿ ಇದ್ದರು. ನನ್ನ ಕೆನ್ನೆ ಮುಟ್ಟಿ ನೋಡಿ ಒಂದೇ ಮಾತು ಕೇಳಿದರು.

"ನಿನ್ನನ್ನು ಅಲ್ಲಿ ಎಂತ ಮಾಡ್ತಾರೆ ಮಗಾ?"

ಕಂಕನಾಡಿ ದಾಟುವವರೆಗೂ ರಿಕ್ಷಾದಲ್ಲಿ ಅತ್ತರು. ಇದು ವಿಮಾನದ ದೆಸೆಯಿಂದ, ಹಡಗಿನ ದೆಸೆಯಿಂದ ಅಲ್ಲ ಎಂದು ನಾನು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ರಜೆ ಮುಗಿಯುತ್ತ ಬಂದಾಗ ನನ್ನ ಪಾಸ್‌ಪೋರ್ಟ್ ಕಾಣೆಯಾಯಿತು. ಅಕ್ಕ ಅದನ್ನು ಅಕ್ಕಿಯ ಡಬ್ಬಿಯೊಳಗಿಂದ ತೆಗೆದು, ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. ಅಮ್ಮನಿಗೆ ಹೇಳಬೇಡ ಎಂದಳು. ಆ ಕಾಲದಲ್ಲಿ ನಾವಿಬ್ಬರೂ ಒಂದೇ ಪಕ್ಷ.

ಎರಡನೆಯ ಸಲದಿಂದ ನಾನು ವಿಮಾನ ಪ್ರಯಾಣವನ್ನು ಒಂದು ಕೆಲಸ ಎಂದು ತಿಳಿದು ಮಾಡತೊಡಗಿದೆ. ಹೊರಡುವ ಹಿಂದಿನ ದಿನವೇ ಹೊಟ್ಟೆ ಹಗುರ ಮಾಡುತ್ತಿದ್ದೆ. ಕೋಸು, ಕಡಲೆ, ಸೋಡಾ ಮುಟ್ಟುತ್ತಿರಲಿಲ್ಲ. ಬ್ರೆಡ್, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಸಾಕು. ವಿಮಾನ ಮೇಲೆ ಹೋದಂತೆ ಹೊಟ್ಟೆ ಉಬ್ಬುತ್ತದೆ, ಅದಕ್ಕೆ ಸೊಂಟದಲ್ಲಿ ಲಾಡಿ ಇರುವ ಸಡಿಲ ಪ್ಯಾಂಟು. ಸೀಟು ಯಾವಾಗಲೂ ನಡೆಯುವ ದಾರಿಯ ಬದಿಯಲ್ಲಿ. ಊಟದ ಗಾಡಿ ಹಿಂದೆ ಹೋದ ಕೂಡಲೇ ಎದ್ದು ಬಾಲದ ಕಡೆಗೆ ನಡೆದು, ಅಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಕಾಫಿ ಬೇಡ, ಬಿಯರ್ ಬೇಡ, ನೀರು ಗುಟುಕು ಗುಟುಕಾಗಿ.

ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ಜೇಬಿನಲ್ಲಿ ಇರುತ್ತಿತ್ತು. ವಿಮಾನದ ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಕಂಕುಳಲ್ಲಿ ಇಟ್ಟುಕೊಂಡು ಕರಗಿಸಬೇಕು. ಮೂಗಿನ ಒಳಗೆ, ತುಟಿಗೆ, ಉಗುರಿನ ಬುಡಕ್ಕೆ ಒಂದೊಂದು ಹನಿ. ವಿಮಾನದ ಗಾಳಿ ನಮ್ಮ ಡ್ರೈಯರಿನ ಗಾಳಿಯ ಹಾಗೆ, ತೇವ ಇದ್ದಲ್ಲಿಂದ ಎಳೆದುಕೊಳ್ಳುತ್ತದೆ. ನಮ್ಮ ಊರಿನ ಸೆಕೆಗೆ ಹುಟ್ಟಿದ ಚರ್ಮಕ್ಕೆ ಅದು ಅಭ್ಯಾಸವಿಲ್ಲ.

ವಾಸನೆಯ ವಿಷಯ ನನಗೆ ಕೆಲಸದಿಂದಲೇ ಗೊತ್ತಿತ್ತು. ಬೆವರಿನ ಮೇಲೆ ಸೆಂಟು ಹೊಡೆದರೆ ಎರಡೂ ಸೇರಿ ಮೂರನೆಯ ಒಂದು ವಾಸನೆ ಹುಟ್ಟುತ್ತದೆ, ಅದು ಒಗೆದರೂ ಹೋಗುವುದಿಲ್ಲ. ಹಾಗಾಗಿ ಸೆಂಟು ಇಲ್ಲ. ಬೇರೆಯವರು ನಿದ್ದೆಯಲ್ಲಿರುವಾಗ, ಬೆಳಗಿನ ತಿಂಡಿಗೆ ದೀಪ ಹಾಕುವ ಮುಂಚೆ, ಶೌಚಾಲಯಕ್ಕೆ ಹೋಗಿ ಒದ್ದೆ ಬೈರಾಸಿನಿಂದ ಕುತ್ತಿಗೆ, ಕಂಕುಳು, ಮೊಣಕಾಲಿನ ಹಿಂದೆ, ಕಾಲ್ಬೆರಳ ಸಂದು ಒರೆಸುವುದು. ಪೂರ್ತಿ ಒಣಗಿಸಿ ಹೊಸ ಬನಿಯನ್ ಹಾಕುವುದು. ದೀಪ ಹಾಕಿದ ಮೇಲೆ ಹೋದರೆ ಸಾಲು ಇರುತ್ತದೆ, ಹೊರಗಿನವರು ಬಾಗಿಲು ತಟ್ಟುತ್ತಾರೆ.

ಅಂಗಿಯನ್ನು ಮಾತ್ರ ಅಲ್ಲಿ ಬದಲಿಸುವುದಿಲ್ಲ. ಅದು ಕೊನೆಯ ವಿಮಾನಕ್ಕೆ. ಗುಂಡಿ ಎಲ್ಲ ಹಾಕಿ, ಮಧ್ಯೆ ತೆಳು ಕಾಗದ ಇಟ್ಟು, ಮಡಚದೆ ಸುರುಳಿ ಸುತ್ತಿ, ತಲೆದಿಂಬಿನ ಚೀಲದೊಳಗೆ ಇಡುತ್ತಿದ್ದೆ. ಕಾಲರಿನ ಒಳಗೆ ಕಾಲುಚೀಲದ ಉಂಡೆ ತುರುಕಿದರೆ ಕಾಲರ್ ಬೀಳುವುದಿಲ್ಲ. ಗಲ್ಫಿನ ನಿಲ್ದಾಣದಲ್ಲಿ ಕೈತೊಳೆಯುವ ಕಡೆ ಬಿಸಿನೀರು ಬರುತ್ತದೆ. ಅಲ್ಲಿ ಗಡ್ಡ ಬೋಳಿಸಿ, ಅಂಗಿಯನ್ನು ಆವಿಗೆ ಸ್ವಲ್ಪ ಹಿಡಿದು ಕೊಡವಿ ಹಾಕಿಕೊಂಡರೆ ಮುಗಿಯಿತು. ಮಂಗಳೂರಿನ ಬಾಗಿಲಿನಿಂದ ಹೊರಗೆ ಬರುವಾಗ ಆಗ ತಾನೇ ಸ್ನಾನ ಮಾಡಿ ಬಂದವನ ಹಾಗೆ ಇರುತ್ತಿದ್ದೆ.

ಅಮ್ಮ ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಈಗ ಅಲ್ಲಿ ಒಳ್ಳೆದುಂಟಲ್ಲ?"

ಉಂಟು ಎಂದೆ.

"ಎಸಿ ಉಂಟಾ?"

ಅದೂ ಉಂಟು ಎಂದೆ. ಹಡಗಿನಲ್ಲಿ ಎಸಿ ಇದೆ. ಲಾಂಡ್ರಿಗೆ ಅದು ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಅಮ್ಮ ಮತ್ತೆ ಪಾಸ್‌ಪೋರ್ಟ್ ಅಡಗಿಸಲಿಲ್ಲ. ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಹೆಂಗಸರ ಹತ್ತಿರ ಹೇಳುವುದನ್ನು ನಾನೇ ಕೇಳಿದ್ದೇನೆ, ಮಗನಿಗೆ ಎಸಿಯಲ್ಲಿ ಕೆಲಸ, ಮೈ ಬೆವರುವುದಿಲ್ಲ ಎಂದು. ಅಕ್ಕನೂ ಕೇಳಿದ್ದಾಳೆ. ನಂಬಿದ್ದಾಳೆ ಕೂಡ. ನಂಬದಿರಲು ಅವಳಿಗೆ ಕಾರಣವಿರಲಿಲ್ಲ. ಪ್ರತಿ ಸಲವೂ ನಾನು ಹಾಗೆಯೇ ಬಂದೆ.

ಆಮೇಲೆ ಒಂದು ಸಲ, ನಾನು ರಜೆ ಮುಗಿಸಿ ಹಡಗಿಗೆ ಹೋದ ಸ್ವಲ್ಪ ದಿನದಲ್ಲೇ, ಅಮ್ಮನಿಗೆ ಲಕ್ವ ಹೊಡೆಯಿತು. ಎಡಭಾಗ ಹೋಯಿತು. ಅಕ್ಕ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದಳು, ಅದನ್ನು ಬಿಟ್ಟಳು. ಅಮ್ಮನನ್ನು ವ್ಯಾಯಾಮಕ್ಕೆ ಕಂಕನಾಡಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಲು ರಿಕ್ಷಾ ಆಗುವುದಿಲ್ಲ ಎಂದು ಕಾರು ಕಲಿತಳು. ಯಾರೋ ಮಾರಿದ ಹಳೆಯ ಸಣ್ಣ ಕಾರೊಂದನ್ನು ತೆಗೆದುಕೊಂಡೆವು. ನಾನು ಭಾನುವಾರ ಭಾನುವಾರ ವೀಡಿಯೊ ಕರೆ ಮಾಡುತ್ತಿದ್ದೆ. ಅಮ್ಮ ದಿಂಬಿಗೆ ಒರಗಿ ಕೂತಿರುತ್ತಿದ್ದರು. ಹೂವಿನ ನೈಟಿ, ಬಾಚಿದ ಕೂದಲು, ಮುಖಕ್ಕೆ ಪೌಡರ್. ಮಾತು ಸ್ವಲ್ಪ ತೊದಲುತ್ತಿತ್ತು, ಬೇರೆ ಏನೂ ತೊಂದರೆ ಕಾಣುತ್ತಿರಲಿಲ್ಲ. ಸುಧಾರಿಸುತ್ತಿದ್ದಾರೆ ಎಂದು ನಾನು ಜೊತೆಯವರಿಗೆ ಹೇಳುತ್ತಿದ್ದೆ.

ಆ ಕಾಂಟ್ರಾಕ್ಟ್ ಇನ್ನೂ ಮುಗಿದಿರಲಿಲ್ಲ. ಅಮ್ಮ ಹೋದರು ಎಂದು ಅಕ್ಕ ಫೋನ್ ಮಾಡಿದಾಗ ಹಡಗು ನಡುಸಮುದ್ರದಲ್ಲಿತ್ತು. ಬಂದರು ಸಿಗುವವರೆಗೆ ನಾನು ಇಸ್ತ್ರಿ ಮಾಡುತ್ತಲೇ ಇದ್ದೆ. ನಿಲ್ಲಿಸಿದರೂ ಹೋಗಲು ಜಾಗ ಇರಲಿಲ್ಲ. ನಮ್ಮವರಲ್ಲಿ ಹೊರದೇಶದಲ್ಲಿರುವ ಮಕ್ಕಳು ಬರುವವರೆಗೆ ಕಾಯುವುದು ರೂಢಿ. ಅಮ್ಮನನ್ನು ಆಸ್ಪತ್ರೆಯ ಶೀತಲ ಪೆಟ್ಟಿಗೆಯಲ್ಲಿ ಇಟ್ಟರು. ನನ್ನ ವಿಮಾನದ ಹೊತ್ತು ನೋಡಿ ಮಣ್ಣಿನ ಹೊತ್ತು ಗೊತ್ತು ಮಾಡಿದರು, ಅದು ಎಲ್ಲರ ಫೋನಿಗೆ ಹೋಯಿತು. ಅಕ್ಕ ದಿನಾ ಆಸ್ಪತ್ರೆಗೆ ಹೋಗಿ, ಆ ಬಾಗಿಲಿನ ಹೊರಗೆ ಕೂತು ಜಪಮಾಲೆ ಹೇಳಿ ಬರುತ್ತಿದ್ದಳಂತೆ. ಇದನ್ನು ನನಗೆ ಬಾಪ್ಪು ಆಮೇಲೆ ಹೇಳಿದರು, ಬೇಕೆಂದೇ.

ಆ ಸಲದ ವಿಮಾನದಲ್ಲಿಯೂ ನಾನು ಎಲ್ಲವನ್ನೂ ಮಾಡಿದೆ. ಹಿಮ್ಮಡಿ ಎತ್ತಿದೆ, ಎಣ್ಣೆ ಕರಗಿಸಿದೆ, ಬನಿಯನ್ ಬದಲಿಸಿದೆ. ಯೋಚಿಸಿ ಮಾಡಿದ್ದಲ್ಲ. ಅಮ್ಮನ ಎದುರು ಹೋಗುವುದು ಎಂದರೆ ನನಗೆ ಅದೇ ಆಗಿತ್ತು, ಕೈಗಳು ತಾವೇ ಮಾಡಿದವು.

ಗಲ್ಫಿನ ನಿಲ್ದಾಣದಲ್ಲಿ ಕನ್ನಡಿಯ ಮುಂದೆ ಗಡ್ಡ ಬೋಳಿಸುತ್ತಿದ್ದಾಗ ಪಕ್ಕದ ನಲ್ಲಿಯಲ್ಲಿ ಒಬ್ಬರು ನಮಾಜಿಗೆ ಮುಂಚೆ ಕೈಕಾಲು ತೊಳೆಯುತ್ತಿದ್ದರು. ನಡುವಯಸ್ಸಿನ ಬ್ಯಾರಿಯವರು. ನಾನು ಅದಕ್ಕೆ ಮುಂಚೆ ಫೋನಿನಲ್ಲಿ ಟ್ಯಾಕ್ಸಿಯವನ ಹತ್ತಿರ ಬೋಳಾರದ ದಾರಿ ಹೇಳಿದ್ದನ್ನು ಕೇಳಿದ್ದರು. ತಮ್ಮ ಅಂಗಡಿ ಕಂಕನಾಡಿಯಲ್ಲಿ, ಮನೆ ಪಡೀಲಿನಲ್ಲಿ ಎಂದರು. ನೇತು ಹಾಕಿದ್ದ ನನ್ನ ಅಂಗಿ ನೋಡಿ ನಕ್ಕರು.

"ಎಂತ, ಮದುವೆಯಾ ಊರಲ್ಲಿ?"

ಅಮ್ಮ ತೀರಿಕೊಂಡಿದ್ದಾರೆ ಎಂದೆ. ಅವರು ನಲ್ಲಿ ನಿಲ್ಲಿಸಿದರು. ಗೋಡೆಯ ಪೆಟ್ಟಿಗೆಯಿಂದ ಕಾಗದ ಎಳೆದು ನನ್ನ ಕಿವಿಯ ಹಿಂದೆ ಉಳಿದಿದ್ದ ಸೋಪಿನ ನೊರೆ ಒರೆಸಿದರು. ಅವರ ತಂದೆ ಹೋದಾಗ ಅವರೂ ಗಲ್ಫಿನಲ್ಲೇ ಇದ್ದರಂತೆ. ಅವರಲ್ಲಿ ಕಾಯುವ ಕ್ರಮ ಇಲ್ಲ. ಇವರು ವಿಮಾನ ಹತ್ತುವ ಮುಂಚೆಯೇ ದಫನ್ ಮುಗಿದಿತ್ತು. "ನಿಮಗೆ ಮುಖ ಸಿಗ್ತದೆ," ಎಂದರು. "ಅದು ದೊಡ್ಡದು." ಅವರು ಮಾಡಿದ್ದು ಅಷ್ಟೇ. ವಿಮಾನದಲ್ಲಿ ಅವರ ಸೀಟು ಮುಂದೆ ಇತ್ತು, ಮತ್ತೆ ನಾನು ಅವರನ್ನು ಕಾಣಲಿಲ್ಲ.

ಮುಖ ಸಿಕ್ಕಿತು. ಅದು ಸಣ್ಣದಾಗಿತ್ತು. ಶೀತಲ ಪೆಟ್ಟಿಗೆಯಿಂದ ಹೊರಗೆ ತಂದಿದ್ದರಿಂದ ಹಣೆಯ ಮೇಲೆ ನೀರಿನ ಹನಿಗಳು ಕೂತಿದ್ದವು, ಅಕ್ಕ ಅದನ್ನು ಕೈವಸ್ತ್ರದಿಂದ ಒತ್ತಿ ಒತ್ತಿ ತೆಗೆಯುತ್ತಿದ್ದಳು. ನಾನು ಬಗ್ಗಿ ಹಣೆಗೆ ಮುತ್ತು ಕೊಟ್ಟೆ. ಅಳು ಬರಲಿಲ್ಲ. ಇಗರ್ಜಿಯಲ್ಲಿಯೂ ಬರಲಿಲ್ಲ, ಗುಂಡಿಗೆ ಮಣ್ಣು ಹಾಕುವಾಗಲೂ ಬರಲಿಲ್ಲ. ನಾನು ಹೀಗೆಯೇ ಇರುವವನು. ಬೇರೆ ದಿನವಾಗಿದ್ದರೆ ಇದನ್ನು ಯಾರೂ ಗಮನಿಸುತ್ತಿರಲಿಲ್ಲ. ಆದರೆ ಬಿಳಿ ಅಂಗಿಯ ಜೊತೆಗೆ ಒಣ ಕಣ್ಣು ಸೇರಿದಾಗ ನೋಡುವವರಿಗೆ ಲೆಕ್ಕ ಸುಲಭವಾಯಿತು. ಮಣ್ಣು ಮುಗಿದು ಕೈ ಕುಲುಕುವಾಗ ದೂರದ ಸಂಬಂಧದಲ್ಲಿ ಚಿಕ್ಕಮ್ಮನಾಗುವ ಮೌಶಿಯೊಬ್ಬರು, ಪ್ರಯಾಣ ಸುಖವಾಗಿತ್ತಾ ಎಂದು ಕೇಳಿದರು. ಸುಖವಾಗಿತ್ತು ಎಂದು ಹೇಳಿಬಿಟ್ಟೆ. ಅಕ್ಕ ಪಕ್ಕದಲ್ಲೇ ಇದ್ದಳು.

ತಿಂಗಳ ಪೂಜೆ ಮುಗಿಯುವವರೆಗೆ ನನಗೆ ರಜೆ ಸಿಕ್ಕಿತ್ತು. ಆ ಮನೆಯಲ್ಲಿ ನಾವಿಬ್ಬರೂ ಮಾತಿಲ್ಲದೆ ಇದ್ದೆವು. ಅಕ್ಕ ಊಟ ಬಡಿಸಿ ಮುಚ್ಚಿಟ್ಟು ಒಳಗೆ ಹೋಗುತ್ತಿದ್ದಳು. ಏನಾದರೂ ತಿಳಿಸಬೇಕಾದರೆ ಗಾಳಿಗೆ ಹೇಳುವ ಹಾಗೆ ಹೇಳುತ್ತಿದ್ದಳು: ಗ್ಯಾಸ್ ಮುಗಿದಿದೆ, ನಾಳೆ ಪಾದ್ರಿಯವರು ಬರುತ್ತಾರೆ. ನಾನು ಗಾಳಿಗೇ ಉತ್ತರ ಕೊಡುತ್ತಿದ್ದೆ. ಒಂದು ಸಂಜೆ ಮಾತು ತೆಗೆಯಲು ನೋಡಿದೆ, ನಿನಗೆ ತುಂಬ ಕಷ್ಟವಾಗಿರಬೇಕು ಎಂದೆ. ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. ಕಷ್ಟ ಎಂದರೆ ಎಂತ ಎಂದು ಎಸಿಯಲ್ಲಿ ಇರುವವರಿಗೆ ಹೇಗೆ ಗೊತ್ತು ಎಂದಳು. ಅದು ಕೂಡ ನನಗಲ್ಲ, ಪಾತ್ರೆಗೆ.

ನಾನು ವಿವರಿಸಬಹುದಿತ್ತು. ಆದರೆ ತಾಯಿಯನ್ನು ಎತ್ತಿ ಕೂರಿಸಿ, ಒರೆಸಿ, ಉಣಿಸಿದವಳ ಹತ್ತಿರ ಹೋಗಿ ನನ್ನ ಕೆಲಸವೂ ಕಷ್ಟದ್ದೇ ಎಂದು ಹೇಳುವುದು ಹೇಗೆ? ಹೇಳಿದರೆ ತಕ್ಕಡಿ ಹಿಡಿದ ಹಾಗಾಗುತ್ತದೆ.

ತಿಂಗಳ ಪೂಜೆಯ ಮರುದಿನ ಅಮ್ಮನ ಬಟ್ಟೆಗಳನ್ನು ವೃದ್ಧಾಶ್ರಮಕ್ಕೆ ಕೊಡುವುದೆಂದು ಅಕ್ಕ ಮೊದಲೇ ಗೊತ್ತು ಮಾಡಿದ್ದಳು. ಎಲ್ಲವನ್ನೂ ಒಗೆದು ಒಣಗಿಸಿ ಮಂಚದ ಮೇಲೆ ರಾಶಿ ಹಾಕಿದಳು. ಅಮ್ಮನ ಬಟ್ಟೆ ಮುದುಡಿಕೊಂಡು ಹೋಗಬಾರದು, ಇಸ್ತ್ರಿಗೆ ಅಂಗಡಿಗೆ ಕೊಡಬೇಕು ಎಂದು ಗಾಳಿಗೆ ಹೇಳಿದಳು. ನಾನು ಮಾಡುತ್ತೇನೆ ಎಂದೆ. ಅವಳು ಬೇಡ ಎನ್ನಲಿಲ್ಲ. ಊಟದ ಮೇಜಿನ ಮೇಲೆ ಕಂಬಳಿ ಹಾಸಿ, ಮೇಲೆ ಚಾದರ ಎಳೆದು, ಮನೆಯ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ನಿಂತೆ.

ಸೀರೆಗಳು ಮೊದಲು. ಸೀರೆ ಉದ್ದದ ಬಟ್ಟೆ, ಒಬ್ಬರಿಂದ ಆಗುವುದಿಲ್ಲ. ಒಂದು ತುದಿ ನೆಲಕ್ಕೆ ಜಾರುತ್ತಿರುವುದನ್ನು ಸ್ವಲ್ಪ ಹೊತ್ತು ನೋಡಿ ಅಕ್ಕ ಬಂದು ಹಿಡಿದಳು. ಹಡಗಿನಲ್ಲಿ ಚಾದರಕ್ಕೆ ಮಾಡುವ ಹಾಗೆ ಎದುರೆದುರು ನಿಂತು ಎಳೆದು, ಹತ್ತಿರ ಬಂದು, ಅಂಚಿಗೆ ಅಂಚು ಕೂಡಿಸಿದೆವು. ಒಂದೆರಡು ಸೀರೆ ಆಗುವಷ್ಟರಲ್ಲಿ ಅವಳಿಗೆ ಲಯ ಸಿಕ್ಕಿತು. ಮಧ್ಯಾಹ್ನವಾಯಿತು. ಫ್ಯಾನ್ ಹಾಕಿದರೆ ಬಟ್ಟೆ ಹಾರುತ್ತದೆ ಎಂದು ಹಾಕಿರಲಿಲ್ಲ. ಇಬ್ಬರೂ ಬೆವತಿದ್ದೆವು. ಸ್ವಲ್ಪ ಕೂತುಕೋ ಎಂದು ಅವಳು ಒಂದು ಸಲ ಹೇಳಿದಳು, ನಾನು ನಿಂತೇ ಅಭ್ಯಾಸ ಎಂದೆ. ಅವಳು ನನ್ನ ಕೈಯ ಕಡೆ, ಕಾಲಿನ ಕಡೆ ನೋಡಿ, ಮತ್ತೆ ಸೀರೆಯ ತುದಿ ಹಿಡಿದಳು.

ಸೀರೆ ಮುಗಿದ ಮೇಲೆ ನೈಟಿಗಳು ಬಂದವು. ನಾನು ವೀಡಿಯೊದಲ್ಲಿ ನೋಡಿದ್ದ ಅದೇ ಹೂವಿನ ನೈಟಿಗಳು. ಒಂದನ್ನು ಬಿಡಿಸಿ ಹಾಸಿದರೆ ಬೆನ್ನಿನ ಕಡೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಬೇರೆ ತೆಗೆದೆ, ಅದೂ ಸೀಳಿತ್ತು. ಹರಿದದ್ದನ್ನು ಕೊಡುವುದು ಹೇಗೆ ಎಂದು ಕೇಳಿದೆ.

"ಹರಿದದ್ದಲ್ಲ, ನಾನು ಕತ್ತರಿಸಿದ್ದು," ಎಂದಳು ಅಕ್ಕ. "ತಲೆಯಿಂದ ಹಾಕ್ಲಿಕ್ಕೆ ಆಗ್ತಿರ್ಲಿಲ್ಲ ಅವರಿಗೆ, ಕೈ ಏಳ್ತಿರ್ಲಿಲ್ಲ. ಎದುರಿಂದ ತೊಡಿಸಿ ಹಿಂದೆ ಕಟ್ಟುವುದು. ನೋಡು, ಲಾಡಿ ಉಂಟು."

ಲಾಡಿ ಇತ್ತು. ಅಂಚಿಗೆ ಸಣ್ಣ ಹೊಲಿಗೆ ಹಾಕಿ, ಕುತ್ತಿಗೆಯ ಹತ್ತಿರ ಮತ್ತು ಸೊಂಟದ ಹತ್ತಿರ ತೆಳು ಲಾಡಿಗಳು. ಹೊಲಿಗೆ ನೇರವಾಗಿತ್ತು. ನಾನು ನೋಡಿದ್ದು ಯಾವಾಗಲೂ ಎದುರುಭಾಗ. ಫೋನ್ ಎದುರಿನಿಂದ ಮಾತ್ರ ತೋರಿಸುತ್ತದೆ.

ಎಷ್ಟು ಸಮಯದಿಂದ ಹೀಗೆ ಎಂದು ಕೇಳಿದೆ. ಮೊದಲಿನಿಂದಲೂ ಎಂದಳು. ಅಮ್ಮ ತಾವಾಗಿ ಕೂತದ್ದು ಇಲ್ಲವೇ ಇಲ್ಲ. ವೀಡಿಯೊದಲ್ಲಿ ಕಾಣುತ್ತಿದ್ದ ದಿಂಬಿನ ಹಿಂದೆ ಇನ್ನೂ ಮೂರು ದಿಂಬು, ಅವುಗಳ ಹಿಂದೆ ಅಕ್ಕನ ಭುಜ.

"ನಿನ್ನ ಫೋನಿನ ದಿನ ಬೆಳಿಗ್ಗೆ ಕಣ್ಣು ಬಿಟ್ಟರೆ ಅದೇ. ಮಗ ನೋಡ್ತಾನೆ, ಸ್ನಾನ ಮಾಡಿಸು. ಮಗ ನೋಡ್ತಾನೆ, ಪೌಡರ್ ಹಾಕು. ನನಗೆ ಸಾಕಾಗಿ ಹೋಗ್ತಿತ್ತು ಮಾರಾಯ. ಸ್ವಲ್ಪ ಹೊತ್ತು ಕೂತರೆ ಮರುದಿನ ಇಡೀ ಕಣ್ಣು ತೆರೀತಿರ್ಲಿಲ್ಲ ಅವರು. ಇದ್ದ ಹಾಗೆ ತೋರಿಸುವ ಅಂದ್ರೆ ಬಿಡ್ಲಿಲ್ಲ. ಅವನು ಅಲ್ಲಿ ಕೆಲಸ ಬಿಟ್ಟು ಬರ್ತಾನೆ ಅಂತ."

ನಾನು ನೈಟಿಯ ಲಾಡಿಗಳನ್ನು ಒಂದೊಂದಾಗಿ ಇಸ್ತ್ರಿಯ ತುದಿಯಿಂದ ಒತ್ತಿದೆ. ಅದಕ್ಕೆ ಹೊತ್ತು ಹಿಡಿಯಿತು. ಅಕ್ಕ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

"ಅಲ್ಲಿಯೂ ಹೀಗೆಯಾ?" ಎಂದು ಕೇಳಿದಳು. "ನಿಂತೇ?"

"ನಿಂತೇ."

"ಎಸಿ?"

ಇಲ್ಲ ಎಂದೆ. ಇಲ್ಲಿಗಿಂತ ಸೆಕೆ, ಕಿಟಕಿಯೂ ಇಲ್ಲ ಎಂದೆ. ಹಾಗಾದರೆ ಪ್ರತಿ ಸಲ ಹಾಗೆ ಹೇಗೆ ಬರುತ್ತಿದ್ದಿ ಎಂದು ಕೇಳಿದಳು. ಅಷ್ಟು ದೂರದ ಮಾತು ಬಿಡು, ಪಕ್ಕದ ಮನೆಯವರು ಮಸ್ಕತ್ತಿನಿಂದ ಬಂದರೂ ಬಾಡಿದ ಬಸಳೆಯ ಹಾಗೆ ಇಳಿಯುತ್ತಾರೆ ಎಂದಳು.

ಆಗ ನಾನು ಎಲ್ಲವನ್ನೂ ಹೇಳಿದೆ. ಬೇಯಿಸಿದ ಮೊಟ್ಟೆಯಿಂದ ಶುರು ಮಾಡಿ, ಕಾಲರಿನ ಕಾಲುಚೀಲದವರೆಗೆ. ಕಂಕುಳಲ್ಲಿ ಎಣ್ಣೆ ಕರಗಿಸುವುದನ್ನು ಹೇಳಿದಾಗ ಅವಳು ಬಾಯಿಗೆ ಸೆರಗು ಹಿಡಿದಳು. ವಿಮಾನದ ಬಾಲದಲ್ಲಿ ನಿಂತು ಹಿಮ್ಮಡಿ ಎತ್ತುವುದನ್ನು ಮಾಡಿ ತೋರಿಸು ಎಂದಳು. ಮಾಡಿ ತೋರಿಸಿದೆ. ಅವಳು ನಕ್ಕಳು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ನಗುತ್ತ ನಗುತ್ತ ಅವಳು ಅಳಲು ಶುರು ಮಾಡಿದಳು, ನಾನು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟು ಅವಳ ಪಕ್ಕದಲ್ಲಿ ನಿಂತೆ. ನನಗೆ ಆಗಲೂ ಕಣ್ಣೀರು ಬರಲಿಲ್ಲ. ಅವಳು ಅದನ್ನು ಗಮನಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ನೈಟಿ ಬಿಡಿಸಿದಳು.

ಸಾಯಂಕಾಲ ಬಟ್ಟೆಯ ಗಂಟುಗಳನ್ನು ಕಾರಿನಲ್ಲಿ ಇಡುವಾಗ ಹೇಳಿದಳು.

"ಇನ್ನು ಯಾರಿಗೆ ತೋರಿಸ್ಲಿಕ್ಕೆ ಉಂಟು? ಮುಂದಿನ ಸಲ ಇದ್ದ ಹಾಗೆ ಬಾ."

ಮುಂದಿನ ಸ‌ಲ ಎಂಬ ಮಾತು ಅವಳ ಬಾಯಿಯಿಂದ ಬಂದದ್ದು ನನಗೆ ಸಾಕಾಗಿತ್ತು. ಬಾಪ್ಪು ಎದುರಿನ ತಮ್ಮ ಮನೆಯ ಗೇಟಿನ ಹತ್ತಿರ ನಿಂತಿದ್ದರು. ಇಸ್ತ್ರಿ ಮಾಡಿದ ಗಂಟುಗಳನ್ನು ನೋಡಿ, ಹಡಗಿನ ಕೆಲಸ ಮನೆಯಲ್ಲಿಯೂ ಶುರುವಾಯಿತಾ ಎಂದು ಕೆಣಕಿದರು. ನಿಮ್ಮ ಪಂಚೆಯನ್ನೂ ತನ್ನಿ, ಬಾಪ್ಪು, ಎಂದಳು ಅಕ್ಕ. ಅವರು ಮನೆಯೊಳಗೆ ಹೋದರು.

ನಾನು ಮತ್ತೆ ಹಡಗಿಗೆ ಹೋದೆ. ಕೆಲಸದಲ್ಲಿ ಏನೂ ಬದಲಾಗಲಿಲ್ಲ. ಭಾನುವಾರ ಫೋನ್ ಮಾಡಿದರೆ ಅಕ್ಕ ಅಡಿಗೆಮನೆಯಿಂದಲೇ ಮಾತಾಡುತ್ತಿದ್ದಳು, ಕೂದಲು ಕೆದರಿಕೊಂಡು, ಮಸಾಲೆ ಮೆತ್ತಿದ ಕೈಯಲ್ಲಿ ಫೋನ್ ಹಿಡಿದುಕೊಂಡು. ಕೆಲವು ಸಲ ನನಗೆ ಸೀಲಿಂಗ್ ಫ್ಯಾನ್ ಮಾತ್ರ ಕಾಣುತ್ತಿತ್ತು. ನಾನೂ ಲಾಂಡ್ರಿಯಿಂದಲೇ ಮಾತಾಡತೊಡಗಿದೆ. ಒಂದು ಸಲ ರೋಲರಿನ ಕಡೆ ಫೋನ್ ತಿರುಗಿಸಿ ತೋರಿಸಿದೆ. ಶಬ್ದದಲ್ಲಿ ಅವಳಿಗೆ ಏನೂ ಕೇಳಿಸಲಿಲ್ಲ, ಆದರೆ ಸುಮಾರು ಹೊತ್ತು ನೋಡಿದಳು.

ಆ ಕಾಂಟ್ರಾಕ್ಟ್ ಮುಗಿದು ಊರಿಗೆ ಹೊರಟಾಗ ಮೊಟ್ಟೆ, ಬಾಳೆಹಣ್ಣು ಬಿಡಲಿಲ್ಲ. ನೀರನ್ನೂ ಕುಡಿದೆ. ವಯಸ್ಸಾಗಿದೆ, ಕಾಲಿನ ನರ ಉಬ್ಬಿಕೊಂಡಿದೆ, ದೇಹಕ್ಕೆ ಬೇಕಾದದ್ದನ್ನು ದೇಹಕ್ಕೆ ಕೊಡಲೇಬೇಕು. ಆದರೆ ಬೆಳಗಿನ ದೀಪಕ್ಕೆ ಮುಂಚೆ ಏಳಲಿಲ್ಲ, ನಿದ್ದೆ ಮಾಡಿದೆ. ಆ ದಾರಿಯಲ್ಲಿ ಅಷ್ಟು ನಿದ್ದೆ ನಾನು ಮಾಡಿದ್ದೇ ಇಲ್ಲ. ಗಲ್ಫಿನಲ್ಲಿ ಕನ್ನಡಿಯ ಮುಂದೆ ನಿಂತು ಗಡ್ಡವನ್ನು ಒಮ್ಮೆ ಸವರಿ ನೋಡಿದೆ. ಚೀಲದಿಂದ ರೇಜರ್ ತೆಗೆಯಲು ಕೈ ಹೋಯಿತು. ತೆಗೆದು ಪುನಃ ಇಟ್ಟೆ. ಹಲ್ಲುಜ್ಜಿ, ಮುಖಕ್ಕೆ ನೀರು ಹಾಕಿ, ಹೊರಟ ಅಂಗಿಯಲ್ಲೇ ಮಂಗಳೂರಿನ ವಿಮಾನ ಹತ್ತಿದೆ.

ಅಕ್ಕ ಕಾರು ತಂದಿದ್ದಳು. ಹೊರಗೆ ಬಂದವರ ನಡುವೆ ನನ್ನನ್ನು ಮೊದಲು ಗುರುತಿಸಲಿಲ್ಲ. ಬಿಳಿ ಅಂಗಿಯನ್ನು ಹುಡುಕುತ್ತಿದ್ದಳು ಎಂದು ಕಾಣುತ್ತದೆ. ನಾನು ಹತ್ತಿರ ಹೋಗಿ ನಿಂತಾಗ ನೋಡಿದಳು. ಗಡ್ಡ, ಮುದುಡಿದ ಅಂಗಿ, ಕಾಲು. ಅವಳ ಮುಖ ಒಂದು ಕ್ಷಣ ಅಮ್ಮನ ಮುಖದ ಹಾಗೆ ಆಯಿತು, ಕೈ ನನ್ನ ಕೆನ್ನೆಯ ಕಡೆಗೆ ಎದ್ದಿತು. ಆಮೇಲೆ ಆ ಕೈಯಿಂದ ಮೂಗು ಮುಚ್ಚಿಕೊಂಡಳು.

"ಶೀ, ಎಂತ ವಾಸನೆ ಮಾರಾಯ. ಹಿಂದೆ ಕೂತುಕೋ. ಕಿಟಕಿ ಎಲ್ಲ ತೆಗಿ."

ಹಿಂದೆ ಕೂತೆ. ಕಿಟಕಿಗಳನ್ನು ಇಳಿಸಿದೆ. ಅವಳು ದಾರಿಯುದ್ದಕ್ಕೂ ಮಾತಾಡಿದಳು: ಶಾಲೆಯವರು ಮತ್ತೆ ಕರೆದಿದ್ದಾರೆ, ಮಾಡಿನ ಹಂಚು ಸೋರುತ್ತದೆ, ಬಾಪ್ಪುವಿಗೆ ಸಕ್ಕರೆ ಹೆಚ್ಚಾಗಿದೆ. ಕಂಕನಾಡಿ ಮಾರ್ಕೆಟಿನ ಹತ್ತಿರ ಮೀನಿಗೆಂದು ನಿಲ್ಲಿಸಿದಳು. ನಾನೂ ಇಳಿಯಲು ನೋಡಿದೆ.

"ನೀನು ಇಳಿಯಬೇಡ. ಮೀನಿನವಳು ಅಂಗಡಿ ಬಿಟ್ಟು ಓಡ್ತಾಳೆ," ಎಂದು ಹೇಳಿ ಚೀಲ ಹಿಡಿದುಕೊಂಡು ಹೋದಳು.

ನಾನು ಕಾರಿನ ಬಾಗಿಲು ತೆರೆದು, ಬೂಟು ಬಿಚ್ಚಿ, ಬಾತ ಕಾಲುಗಳನ್ನು ಹೊರಗೆ ಇಳಿಬಿಟ್ಟು ಕೂತೆ. ಜನ ಹೋಗುತ್ತಿದ್ದರು, ಬರುತ್ತಿದ್ದರು. ಯಾರೂ ನೋಡಲಿಲ್ಲ.